ಇಷ್ಟರ ಮೇಲೆ ನೆನಪಿಡಬೇಡ

ಫರೋ ದ್ವೀಪ. ಉಣ್ಣೆ ನಾರುವ ದೋಣಿ ಕೊಟ್ಟಿಗೆಯಲ್ಲಿ
ಸುತ್ತಲೂ ಹಳೆಯ ಮೀನುಬಲೆ ಕಟ್ಟಿ
ಮಾರ್ಯುನ್ ಡ್ರೋನ್ ಹಾರಿಸುತ್ತಾಳೆ.
ಮೇಲಕ್ಕೆ ಬಲೆ ಸಾಲಲಿಲ್ಲ.
ಅವಳ ಸೂತ್ರ ಕೇಳುವುದು ಮೂರೇ:
ಈಗೆಷ್ಟು ತಪ್ಪಿದೆ, ಇನ್ನೆಷ್ಟು ತಪ್ಪೀತು,
ಇದುವರೆಗೆ ತಪ್ಪಿದ್ದೆಲ್ಲ ಕೂಡಿದರೆ ಎಷ್ಟು.

ಮೂರನೆಯದೇ ತಂಟೆ.

ನಿನ್ನೆ ಕೊಟ್ಟಿಗೆಯ ಒಡೆಯ ಹೆರ್ಗೇರ್
"ಎಷ್ಟು ಕಸುವಿದೆ ನೋಡೋಣ" ಎಂದು
ಹಾರಹೊರಟಿದ್ದನ್ನು ಕಾಲು ಹಿಡಿದು ನಿಲ್ಲಿಸಿದ.
ಹತ್ತೇ ಸೆಕೆಂಡು.
ಅದು ಒಳಗೊಳಗೇ ಬರೆದುಕೊಂಡಿತು:
ಏರಬೇಕಿತ್ತು, ಏರಲಿಲ್ಲ. ಏರಬೇಕಿತ್ತು, ಏರಲಿಲ್ಲ.
ಬಿಟ್ಟದ್ದೇ ತಡ, ಬಡ್ಡಿ ಸಮೇತ ಎದ್ದು
ತೊಲೆಗೆ ಬಡಿದು ಚೂರಾಯಿತು.

"ಹಿಡಿದದ್ದು ನಾನು, ಗುದ್ದಿದ್ದು ತೊಲೆಗೆ" ಅಂದ ಹೆರ್ಗೇರ್,
ಕಾಫಿಯಿಂದ ಒಂದು ಚೂರನ್ನು
ಚಮಚದಲ್ಲಿ ಎತ್ತುತ್ತ.

ರಾತ್ರಿ ಅವಳು ಒಂದು ಸಾಲು ಸೇರಿಸಿದಳು:
ಇಷ್ಟರ ಮೇಲೆ ನೆನಪಿಡಬೇಡ.
ಪ್ರಬಂಧದಲ್ಲಿ ಅದಕ್ಕೆ ಅರ್ಧ ಪುಟ, ಒಂದು ನಕ್ಷೆ.

ಇವತ್ತು ಹೊರಗೆ, ಕಡಲಗಾಳಿಯಲ್ಲಿ,
ಗಾಳಿ ಗುದ್ದಿ ಮೈ ನೋಯಿಸಿಕೊಳ್ಳದೆ
ಹೊಸ ಡ್ರೋನ್ ಓರೆಯಾಗಿ ನಿಂತಿತು
ಬಂಡೆಯಂಚಿನ ಕುರಿಗಳ ಮೇಲೆ.
ಎಣಿಸಿತು: ನಲವತ್ತೊಂದು.

ಹೆರ್ಗೇರ್ ಬೆರಳು ಮಡಚಿದ: ನಲವತ್ತೆರಡು.
ಹೋದ ಚಳಿಗಾಲ ಜಾರಿಬಿದ್ದದ್ದನ್ನು
ಅವನಿನ್ನೂ ಸೇರಿಸಿಯೇ ಎಣಿಸುತ್ತಾನೆ.