ನಡಾವಳಿಯಲ್ಲಿ ಇಲ್ಲದ್ದು

ಹೆಲೆನಾ, ಮೊಂಟಾನಾ. ಫೆಬ್ರವರಿಯ ಒಂದು ಮಂಗಳವಾರ.
ಶಾಸನಸಭೆಯ ಮೂರನೇ ಮಹಡಿ, ಹೀಟರ್ ಕೆಟ್ಟ ಕೋಣೆ.
ಆಡಿದ್ದನ್ನೆಲ್ಲ ಅಚ್ಚು ಮಾಡುವುದು ನನ್ನ ಕೆಲಸ.
ಕೆಮ್ಮು, ಆಕಳಿಕೆ, ಕುರ್ಚಿಯ ಕಿರುಗುಟ್ಟು ಬೇಡ.
ಹತ್ತೊಂಬತ್ತು ವರ್ಷದಿಂದ
ಊರವರ ಮಾತೆಲ್ಲ ನನ್ನ ಬೆರಳೊಳಗೆ ಹರಿದುಹೋಗಿದೆ.
ಕೊಳವೆಗೆಲ್ಲಿಯ ಬಾಯಾರಿಕೆ.

ಮಸೂದೆ: ಹೆದ್ದಾರಿ ಪೊಲೀಸರ ಪಿಂಚಣಿ.
ಇಪ್ಪತ್ತು ವರ್ಷ ದುಡಿದರೆ ಸಿಗುತ್ತಿದ್ದುದು ಇನ್ನು ಇಪ್ಪತ್ತೈದಕ್ಕೆ.
ವರ್ಷಕ್ಕೆ ನೂರಕ್ಕೆ ಮೂರು ಏರುತ್ತಿದ್ದುದು ಇನ್ನು ಒಂದು.
ಕಡಿತ ಎಂಬ ಪದ ಎಲ್ಲೂ ಇಲ್ಲ.
‘ಹೊಂದಾಣಿಕೆ’ ಎಂದಿದೆ, ಹದಿನಾಲ್ಕು ಸಲ. ಎಣಿಸಿದ್ದೇನೆ.
ನಾಲ್ಕನೇ ಪುಟದ ಅಡಿಟಿಪ್ಪಣಿಯಲ್ಲಿ ‘ಇತರ ಸಿಬ್ಬಂದಿ’ ಎಂದೂ ಇದೆ.
ಅದು ನಾನು.

ಹೆಸರು ಹೇಳಿ, ಎಂದರು ಅಧ್ಯಕ್ಷರು.
ಆರ್ಲೋ ಟ್ವೇಟ್, ಎಂದ. ನನ್ನ ಕಡೆ ತಿರುಗಿ
ಒಂದೊಂದೇ ಅಕ್ಷರ ಬಿಡಿಸಿ ಹೇಳಿದ.
ನಡುರಾತ್ರಿ ಟಾರ್ಚು ಹಿಡಿದು, ಕಿಟಕಿಗೆ ಬಗ್ಗಿ,
ಎಷ್ಟು ಜನರ ಹೆಸರು ಬರೆದುಕೊಂಡ ಕೈಯೋ.
ಕಾಗುಣಿತದ ಬೆಲೆ ಗೊತ್ತು.

ಮೇಜಿನ ಮೇಲೆ ಪುಟ್ಟ ದೀಪ.
ಹಸಿರು ಎರಡು ನಿಮಿಷ, ಹಳದಿ ಒಂದು, ಆಮೇಲೆ ಕೆಂಪು.
ಅವನಿಗಿಂತ ಮುಂಚೆ ಬಂದ ವಕೀಲ
ತ್ಯಾಗ, ಶೌರ್ಯ ಎಂದು ಕೆಂಪು ದಾಟಿಯೂ ಒಂದು ನಿಮಿಷ ಓಡಿಸಿದ್ದ.
ಇವನು ಚೀಟಿ ಬಿಚ್ಚಲಿಲ್ಲ.

‘ಎರಡನೇ ನಂಬರಿನ ಹೆದ್ದಾರಿ, ಚೆಸ್ಟರಿನಿಂದ ಹಾವರ್ ತನಕ.
ರಾತ್ರಿ ಪಾಳಿಗೆ ನಾನೊಬ್ಬನೇ.
ಮೈನಸ್ ಮೂವತ್ತಕ್ಕೆ ಪೆನ್ನು ಬರೆಯುವುದಿಲ್ಲ,
ಪೆನ್ಸಿಲ್ ಇಟ್ಟುಕೊಂಡಿರುತ್ತೇನೆ.
ಬೆಲ್ಟು ಒಂಬತ್ತು ಕಿಲೊ. ಎಡ ಸೊಂಟ ಈಗ ನನ್ನ ಮಾತು ಕೇಳುವುದಿಲ್ಲ.
ಸೇರುವಾಗ ನಿಮ್ಮವರು ಒಂದು ಹಾಳೆ ಕೊಟ್ಟಿದ್ದರು,
ಇಷ್ಟು ವರ್ಷ, ಇಷ್ಟು ದುಡ್ಡು ಅಂತ. ಆ ಹಾಳೆ ನನ್ನ ಹತ್ತಿರ ಇದೆ.
ಸಾವಿನ ಸುದ್ದಿ ಹೇಳಲು ಬಾಗಿಲು ತಟ್ಟಿದ್ದೇನೆ, ಮೂವತ್ತೊಂದು ಸಲ.
ಟೋಪಿ ಹೊರಗೇ ತೆಗೆಯಬೇಕು.
ಅವರು ಬಾಗಿಲು ತೆಗೆಯುವ ಮುಂಚೆ.
ಇನ್ವರ್ನೆಸ್ ಹತ್ತಿರ ಒಂದು ಮನೆ, ಅಲ್ಲಿ ಆ ತಾಯಿ’

ದೀಪ ಕೆಂಪಾಯಿತು.
ಅವನು ನಿಂತ. ಅರ್ಧ ವಾಕ್ಯದಲ್ಲಿ, ನಾಲ್ಕೂ ಗಾಲಿ ನಿಂತ ಹಾಗೆ.
ಯಾರೂ ಮುಂದುವರಿಸಿ ಎನ್ನಲಿಲ್ಲ.
ನಾನು ಒಂದು ಗೆರೆ ಎಳೆದೆ.

ದನ ಸಾಕುವ ಸೆನೆಟರ್ ಒಬ್ಬರು ಮೆಲ್ಲಗೇ ಕೇಳಿದರು:
‘ನನ್ನ ಹಿಂಡು ಸತ್ತ ವರ್ಷ ನನಗೆ ಯಾರು ಪಿಂಚಣಿ ಕೊಟ್ಟರು, ಹೇಳಿ?’
ಅದೂ ಸುಳ್ಳಲ್ಲ. ನಿಧಿಯಲ್ಲಿ ತೂತಿರುವುದೂ ಸುಳ್ಳಲ್ಲ.
ತಮ್ಮ ಪಾಲು ಕಟ್ಟದೆ ವರ್ಷ ವರ್ಷ ಮುಂದೂಡಿದವರು
ಈಗ ಹೊರಗಿನ ಓಣಿಯಲ್ಲಿ ಚಿನ್ನದ ಚೌಕಟ್ಟಿನೊಳಗೆ ನಗುತ್ತಿದ್ದಾರೆ.
ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇನು ಅನ್ನುತ್ತಾರೆ.
ಇವರು ಹೊಳೆಯ ನಡುವೆಯೇ
ಅಂಬಿಗನ ಕೂಲಿ ಚೌಕಾಸಿ ಮಾಡುತ್ತಿದ್ದರು.

ಕಾಫಿ ಯಂತ್ರದ ಹತ್ತಿರ ಸಿಕ್ಕ.
ಕೇಳಬಾರದು, ಕೇಳಿದೆ. ಆ ಮನೆಯಲ್ಲಿ ಏನಾಯಿತು?
‘ಅವಳು ಅಳಲಿಲ್ಲ.
ನಿನ್ನ ಕಾಲು ಒದ್ದೆಯಾಗಿದೆಯಲ್ಲೋ ಎಂದಳು.
ಒಳಗೆ ಹೋಗಿ ಮಗನ ಕಾಲುಚೀಲ ತಂದು ಕೊಟ್ಟಳು.
ಅವನು ಇನ್ನೂ ನನ್ನ ಗಾಡಿಯ ದೀಪದ ಬೆಳಕಲ್ಲೇ ಮಲಗಿದ್ದ.’
ಪ್ಯಾಂಟಿನ ಅಂಚು ಎತ್ತಿ ತೋರಿಸಿದ.
ಬೂದು ಉಣ್ಣೆ, ಹಿಮ್ಮಡಿಗೆ ಬೇರೆ ಬಣ್ಣದ ನೂಲಿನ ಹೊಲಿಗೆ.
‘ಹೇಳೋಣ ಅಂತಲೇ ಹಾಕಿಕೊಂಡು ಬಂದಿದ್ದೆ.’
ಕಾಫಿ ಅಲ್ಲೇ ಬಿಟ್ಟು ಹೋದ. ಇನ್ನೂರು ಮೈಲಿ ಹೋಗಬೇಕಿತ್ತು,
ರಾತ್ರಿ ಪಾಳಿ.

ಸಂಜೆ ಪ್ರತಿ ತಿದ್ದುವಾಗ ಆ ಗೆರೆಯ ಮೇಲೆ ಬೆರಳು ನಿಂತಿತು.
ತುಂಬುವ ಹಾಗಿಲ್ಲ. ಹಾಗೇ ಬಿಟ್ಟೆ.
ನನ್ನ ಕಾಲಿಗೂ ಅವತ್ತೇ ಏಕೋ ಚಳಿ.

ಮತ: ಪರ ಏಳು, ವಿರುದ್ಧ ನಾಲ್ಕು.
ಅದು ನಡಾವಳಿಯಲ್ಲಿದೆ.