ಹೇಸರಗತ್ತೆ ಲೈನಿನ ನಕ್ಷೆ

ನಕ್ಷೆ ಕೊಡಿ ಅಂದರು ಹೊಸ ಇಂಜಿನಿಯರು.
ನಕ್ಷೆ ಇಲ್ಲ ಸಾರ್, ಕೀಲಿ ಇದೆ,
ಅಪ್ಪ ಊರಿಕೊಂಡು ನಡೆದ ಮೂರಡಿ ಕಬ್ಬಿಣ.
ಹೆಣ್ಣುಮಗಳ ಕೈಗೆ ಯಾಕಿದು ಅಂದವರೂ
ಬೆಳಿಗ್ಗೆದ್ದು ನಲ್ಲಿ ತಿರುಗಿಸಿದರು.
ಬನ್ನಿ. ಇಳಿಜಾರು, ಪಾಚಿ, ಜೋಕೆ.

ಬೋರ್ಡಿನಲ್ಲಿ ಸಿದ್ಧಿವಿನಾಯಕ ಬಡಾವಣೆ.
ಮಡಿಕೇರಿ ಬಸ್‌ಸ್ಟ್ಯಾಂಡಿನಲ್ಲಿ ಹಾಗಂದರೆ ಆಟೋದವ
ಇನ್ನೊಂದು ಗುಡ್ಡಕ್ಕೆ ಒಯ್ಯುತ್ತಾನೆ.
ಹೇಸರಗತ್ತೆ ಅನ್ನಿ, ಬಾಗಿಲಿಗೇ ಬಿಡುತ್ತಾನೆ.
ದೊರೆಗಳ ಕಾಫಿ ಮೂಟೆ ಹೊತ್ತು ಘಟ್ಟ ಇಳಿದವನ್ನು
ಕಟ್ಟಿಹಾಕುತ್ತಿದ್ದುದು ಇಲ್ಲೇ, ಈ ಸಾಲಿನಲ್ಲಿ.
ಆಮೇಲೆ ಒಂದೊಂದು ಕೊಟ್ಟಿಗೆಗೆ ಒಂದೊಂದು ಮನೆ ಎದ್ದಿತು,
ಅದಕ್ಕೇ ಇಷ್ಟು ಇಕ್ಕಟ್ಟು, ಅದಕ್ಕೇ
ಒಬ್ಬರ ಒಗ್ಗರಣೆಗೆ ಇನ್ನೊಬ್ಬರ ಸೀನು.

ಮೊದಲ ವಾಲ್ವು ಔಸೇಪನ ಬೇಕರಿ ಮೆಟ್ಟಿಲ ಕೆಳಗೆ.
ನಾಲ್ಕು ಗಂಟೆಗೆ ಬಿಡಬೇಕು, ಹಿಟ್ಟು ಕಾಯುವುದಿಲ್ಲ.
ಎಡಕ್ಕೆ ಎರಡು ಸುತ್ತು: ನರ್ಸ್ ದೇಚಮ್ಮ,
ಊರಿನ ಅರ್ಧ ಹೊಕ್ಕುಳಬಳ್ಳಿ ಕತ್ತರಿಸಿದ ಕೈ,
ನನ್ನದೂ.
ಬಲಕ್ಕೆ ಟೈಲರ್ ಮುನಿರತ್ನಂ.
ಮದುವೆ ತಿಂಗಳಲ್ಲಿ ಕುಪ್ಯಗಳು ಹಗ್ಗದ ಮೇಲೆ,
ತಲೆಯಿಲ್ಲದ ಬಿಳಿ ಮದುಮಗಂದಿರ ಮೆರವಣಿಗೆ.

ಇಲ್ಲಿ ಪೈಪು ಯಾಕೆ ವಕ್ರ ಅಂತೀರಾ?
ಹಲಸಿನ ಮರವಿತ್ತು. ಸುಬೇದಾರ್ ಮೇದಪ್ಪ
ಕೋವಿ ಹಿಡಿದು ಬೇರಿನ ಮೇಲೆ ಕೂತರು ದಿನವಿಡೀ.
ಮರ ಎಪ್ಪತ್ತೊಂಬತ್ತರ ಗಾಳಿಗೆ ಹೋಯಿತು,
ಸುಬೇದಾರರೂ ಹೋದರು.
ನೀರು ಇನ್ನೂ ಮರ್ಯಾದೆಯಿಂದ
ಬಳಸಿಕೊಂಡೇ ಹೋಗುತ್ತದೆ.

ಗುಡ್ಡ ಜಾರಿದ ಆಗಸ್ಟಿನಲ್ಲಿ ಲೈನೆಲ್ಲ ತುಂಡು.
ಬೀಪಾತುಮ್ಮನ ಬಾವಿಗೆ ದಾರಿಯಿಲ್ಲ ಅಂತ
ಪಾವ್ಲಿನ್ ಬಾಯಿ ತನ್ನ ಕಾಂಪೌಂಡು ತಾನೇ ಒಡೆಸಿದಳು.
ಒಂಬತ್ತು ದಿನ ಊರೆಲ್ಲ ಆ ಕಿಂಡಿಯಲ್ಲಿ ಕೊಡ ಹೊತ್ತಿತು.
ಇವತ್ತಿಗೂ ಮುಚ್ಚಿಲ್ಲ, ಬಸಳೆ ಹಬ್ಬಿದೆ ಅಷ್ಟೆ.
ಈಗ ಇಬ್ಬರಿಗೂ ಮಾತಿಲ್ಲ, ಬಾತುಕೋಳಿ ವಿಷಯಕ್ಕೆ.
ಬಾತುಗಳು ಮಾತ್ರ ಅದರಲ್ಲೇ ಓಡಾಡುತ್ತವೆ.

ನಿಲ್ಲಿ. ಕಡೇ ವಾಲ್ವು.
ಹೌದು, ಸೋರುತ್ತದೆ, ಅಪ್ಪನ ಕಾಲದಿಂದಲೂ.
ವಾಷರು ಬದಲಿಸುವುದು ನನಗೂ ಬರುತ್ತದೆ ಸಾರ್.
ಆ ನೀರು ಎಲ್ಲಿಗೆ ಹೋಗುತ್ತದೆ ಅಂತ ನೋಡಿ ಮೊದಲು:
ಜರಿಗಿಡದ ಹಿಂದೆ ಕಲ್ಲಿನ ಬಾನಿ.
ಕಾಗೆ, ಬೀದಿನಾಯಿ, ಕ್ರಿಕೆಟ್ಟಿನ ಕೆಸರುಗಾಲು.
ಅಂಚು ಎಷ್ಟು ನಯವಾಗಿದೆ,
ಯಾವ ಕಾಲದ ಮೂತಿಗಳೋ ಉಜ್ಜಿ ಉಜ್ಜಿ.
ಮುಟ್ಟಿ ನೋಡಿ.

ಸೋರಿಕೆ ಅಂತಲೇ ಬರೆದುಕೊಳ್ಳಿ ಬೇಕಾದರೆ.
ನನ್ನ ಲೆಕ್ಕದಲ್ಲಿ ಅದೂ ಒಂದು ಮನೆ,
ಕಂದಾಯ ಕಟ್ಟದ್ದು.

ಬೇಗ ಬನ್ನಿ, ಬಲಗಡೆಯದು ಬಿಟ್ಟೇ ಬಂದಿದ್ದೇನೆ,
ಮುನಿರತ್ನಂ ತೊಟ್ಟಿ ತುಂಬಿ ಹರಿದಿರುತ್ತದೆ,
ಮದುಮಗಂದಿರ ಕಾಲಬುಡಕ್ಕೆ.