ಬ್ರೇಕು

ಸಿರ್ಸಿ ಸರ್ಕಲ್ಲಿನಲ್ಲಿ ಡ್ರೈವರ್ ಮರಿಸ್ವಾಮಿ
ಬ್ರೇಕು ತುಳಿಯುವ ಅರೆಗಳಿಗೆ ಮೊದಲೇ
ನನ್ನ ಎಡಮಂಡಿ ಮಡಿದಿರುತ್ತದೆ.
ಅರವತ್ತು ಜನ ಒಟ್ಟಿಗೆ ಮುಗ್ಗರಿಸುತ್ತಾರೆ,
ಒಬ್ಬರ ಟಿಫನ್ ಬಾಕ್ಸು ಇನ್ನೊಬ್ಬರ ಪಕ್ಕೆಗೆ.
ನಾನು ಒಂದು ಕೈಯಲ್ಲಿ ಟಿಕೆಟ್ ಮೆಷೀನು,
ಇನ್ನೊಂದರಲ್ಲಿ ಚಿಲ್ಲರೆ,
ಯಾವ ಕಂಬಿಯನ್ನೂ ಹಿಡಿಯದೆ ನಿಂತಿರುತ್ತೇನೆ.
“ಕಾಲಿಗೇನು ಗೋಂದು ಹಚ್ಕೊಂಡಿದ್ದೀಯೇನಮ್ಮ?”
ಹೂವಿನ ಬುಟ್ಟಿಯ ಮುದುಕಿ ಕೇಳಿದಳು.

ಇಲ್ಲಜ್ಜಿ. ಖೋ ಖೋ.

ಬಿನ್ನಿಮಿಲ್ಲಿನ ಹಿಂದೆ, ಗಾಜಿನ ಚೂರು ಆರಿಸಿದಷ್ಟೂ
ಮೇಲೇಳುತ್ತಿದ್ದ ಮೈದಾನದಲ್ಲಿ
ಚೌರಪ್ಪ ಮೇಷ್ಟ್ರು ಮೂರು ತಿಂಗಳು
ಓಡುವುದಕ್ಕೇ ಬಿಡಲಿಲ್ಲ. ಕೂರಿಸಿದರು.
ತುದಿಗಾಲಲ್ಲಿ, ಹಿಮ್ಮಡಿಯ ಕೆಳಗೊಂದು
ಖಾಲಿ ಬೆಂಕಿಪೊಟ್ಟಣ ಇಟ್ಟು.
ಪೊಟ್ಟಣ ಅಪ್ಪಚ್ಚಿಯಾದರೆ ಅವತ್ತು ಬನ್ನು ಇಲ್ಲ.
ಎಷ್ಟು ಬನ್ನು ಕಳಕೊಂಡೆನೋ!
ತೊಡೆ ನಡುಗಿ ನಡುಗಿ
ಒಂದು ದಿನ ನಡುಗುವುದನ್ನೇ ಮರೆಯಿತು.

ಬೆನ್ನು ಮುಟ್ಟುವ ಅಂಗೈಗೂ
ಬಾಯಿಂದ ಬರುವ ಖೋಗೂ ನಡುವೆ
ಕೂದಲೆಳೆಯಷ್ಟು ಜಾಗ.
ಅದು ಮುಗಿದ ಕೂಡಲೇ ಎದ್ದಿರಬೇಕು,
ಮುಗಿಯುವ ಮೊದಲೇ ಎದ್ದರೆ ಫೌಲು.
ಇದನ್ನು ಬಾಯಲ್ಲಿ ಹೇಳಬಹುದು,
ಬೆನ್ನಿಗೆ ತಿಳಿಯಲು ಎರಡು ವರ್ಷ ಹಿಡಿಯಿತು.

ಮೇಷ್ಟ್ರು ಎಲೆಯಡಿಕೆ ಉಗಿದು ಹೇಳುತ್ತಿದ್ದರು:
ಓಡುವವಳ ಮುಖ ನೋಡಬೇಡ, ಮುಖ ಸುಳ್ಳಾಡುತ್ತೆ,
ಸೊಂಟ ನೋಡು.
ಸೊಂಟಕ್ಕೆ ಸುಳ್ಳು ಹೇಳಕ್ಕೆ ಬರಲ್ಲ.
ಇವತ್ತಿಗೂ ಅದೇ ನನ್ನ ಅನ್ನ.
ಟಿಕೆಟ್ ತಗೊಳ್ಳದೆ ಇಳಿಯುವವನು
ಕಿಟಕಿಯಾಚೆ ಮೋಡ ನೋಡುತ್ತಿರುತ್ತಾನೆ,
ಸೊಂಟ ಮಾತ್ರ ನಾಯಂಡಹಳ್ಳಿಗೆ ಮುಂಚೆಯೇ
ಬಾಗಿಲ ಕಡೆ ತಿರುಗಿರುತ್ತದೆ.

ಈಗ ಡ್ಯೂಟಿ ಮುಗಿದ ಮೇಲೆ ನಾನೂ
ಅದೇ ಮೈದಾನದಲ್ಲಿ ಸೀಟಿ ಊದುತ್ತೇನೆ.
ಪಾದರಾಯನಪುರದ ಹಾಜಿರಾ, ಹದಿಮೂರು ವರ್ಷ,
ಓಡಿದರೆ ದುಪಟ್ಟಾ ಹಿಂದೆ ಉಳಿಯುತ್ತೆ.
ನಿಲ್ಲೋದು ಮಾತ್ರ ಗೊತ್ತಿಲ್ಲ.
ಕಂಬ ದಾಟಿ, ಗೆರೆ ದಾಟಿ,
ಕಾರ್ಪೊರೇಷನ್ ಗೋಡೆಗೆ ಅಂಗೈ ಬಡಿದೇ ನಿಲ್ಲುವುದು.
ಸೊಂಟ ಇಳಿಸು ಅಂದೆ. ಹೆಜ್ಜೆ ಚಿಕ್ಕದು ಮಾಡು ಅಂದೆ.
ಬೈದೆ. ಬನ್ನು ಕೊಟ್ಟೆ.
ಕೊನೆಗೆ ಒಂದು ಭಾನುವಾರ ಬಸ್ಸಿಗೇ ಹತ್ತಿಸಿಕೊಂಡು
ಸೊನ್ನೆ ಟಿಕೆಟ್ಟು ಹರಿದು ಕೈಗಿಟ್ಟು
ನಡುವೆ ನಿಲ್ಲಿಸಿದೆ:
ಕೆಂಗೇರಿವರೆಗೂ ಏನನ್ನೂ ಹಿಡಿಯಕೂಡದು.

ಹೋಗುವಾಗ ಆರು ಸಲ ಬಿದ್ದಳು,
ಎರಡು ಸಲ ಒಬ್ಬ ಪೋಸ್ಟ್‌ಮ್ಯಾನಿನ ಮಡಿಲಿಗೆ.
ಬರುವಾಗ ಮೂರು.
ಬಸ್ಸೆಲ್ಲ ಅವಳ ಪರ ಎಣಿಸುತ್ತಿತ್ತು.

ಆರ್ಚ್ ಹತ್ತಿರ ನಾಯಿಯೊಂದು ಅಡ್ಡ ಬಂತು.
ಹಳ್ಳವಲ್ಲ, ಸಿಗ್ನಲ್ಲಲ್ಲ,
ಮರಿಸ್ವಾಮಿಯ ಕಾಲಿಗೇ ಮೊದಲು ಗೊತ್ತಿರದ ಬ್ರೇಕು.
ಚಿಲ್ಲರೆ ಚೆಲ್ಲಿತು.
ನನ್ನ ಕೈ, ನನ್ನನ್ನು ಕೇಳದೆ,
ಹನ್ನೊಂದು ವರ್ಷದಲ್ಲಿ ಮೊದಲ ಸಲ
ಕಂಬಿ ಹಿಡಿದಿತ್ತು.

ಹಾಜಿರಾ ನಿಂತಿದ್ದಳು.
ಮಂಡಿ ಮಡಿದು, ಹಿಮ್ಮಡಿ ಎತ್ತಿ,
ಕೆಳಗೆ ಯಾರೋ ಬೆಂಕಿಪೊಟ್ಟಣ ಇಟ್ಟಿರುವಂತೆ.

“ದುಡ್ಡು ಬಿತ್ತಲ್ಲ, ಅದಕ್ಕೇ ಹಿಡಿದೆ” ಅಂದೆ ನಾನು.
ಅವಳು ನನ್ನ ಮುಖ ನೋಡಲಿಲ್ಲ.
ಸೊಂಟ ನೋಡಿದಳು.